ನೂರು ವರ್ಷದ ಟಿಕೀಟು

ಸೇಫ್ಟಿ ಪಿನ್ನಿಗಾಗಿ ಗುಂಡಿಗಳ ಹಳೆಯ ಡಬ್ಬಿಗೆ ಕೈ ಹಾಕಿದ್ದೆ. ಬೆರಳಿಗೆ ದಪ್ಪ ರಟ್ಟಿನ ತುಂಡೊಂದು ತಾಗಿತು. ಹೆಬ್ಬೆರಳಿನಷ್ಟು ಉದ್ದ, ಅಂಚೆಲ್ಲ ಸವೆದು ಮೆತ್ತಗಾಗಿದೆ, ನಡುವೆ ಒಂದು ತೂತು. ಕನ್ನಡಕ ಹುಡುಕುವ ಅಗತ್ಯವೇ ಇರಲಿಲ್ಲ. ಮಾಸಿದ ನೀಲಿ ಶಾಯಿಯಲ್ಲಿ ಏನು ಬರೆದಿದೆ ಎಂಬುದು ನನಗೆ ಬಾಯಿಪಾಠ: 'ದಾಂಡೇಲಿಯಿಂದ ನೂರು ವರ್ಷಕ್ಕೆ. ಹೋಗುವ ದಾರಿ ಮಾತ್ರ.'

ಪಡಸಾಲೆಯಲ್ಲಿ ನನ್ನ ಮಗಳು ತನ್ನ ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆ ರಟ್ಟು ಕತ್ತರಿಸುತ್ತ ಕೂತಿದ್ದಳು. ಈಗಿನವರು ಅದಕ್ಕೆ ಥೀಮ್ ಅನ್ನುತ್ತಾರೆ. ಕಾಡಿನ ಥೀಮ್ ಅಂತೆ. ರಟ್ಟಿನ ಹುಲಿ, ರಟ್ಟಿನ ಆನೆ, ಎಲ್ಲವೂ ಮನೆಯಲ್ಲೇ ಆಗಬೇಕಂತೆ. ನಿಮ್ಮ ಕಾಲದಲ್ಲಿ ಇಂಥದ್ದೆಲ್ಲ ಎಲ್ಲಿತ್ತು ಎಂದು ಕರುಣೆಯಿಂದ ನನ್ನ ಕಡೆ ನೋಡಿದಳು. ಇತ್ತು ತಾಯಿ, ಇತ್ತು. ನಿನ್ನ ಹುಟ್ಟುಹಬ್ಬಕ್ಕೇ ಇತ್ತು...

ಅವಳು ಹುಟ್ಟಿದಾಗ ನಾವು ದಾಂಡೇಲಿಯಲ್ಲಿದ್ದೆವು. ನನ್ನ ಯಜಮಾನರು ಕಟ್ಟಿಗೆ ಡಿಪೋದಲ್ಲಿ ಕಾರಕೂನರು. ಬಾಡಿಗೆ ಮನೆಯ ಹಿತ್ತಲಿಗೆ ಹತ್ತಿಕೊಂಡೇ ರೈಲಿನ ಹಳಿ. ದಿನವಿಡೀ ಸಾಗವಾನಿಯ ವಾಸನೆ, ಬಿದಿರಿನ ಧೂಳು. ಮಗ್ಗುಲ ಮನೆಯಲ್ಲಿ ಅಳ್ನಾವರದ ಗಾಡಿಯ ಗಾರ್ಡ್ ಒಬ್ಬರೇ ಇರುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾವು ಅವರನ್ನು ಗಾರ್ಡ್ ಕಾಕಾ ಎನ್ನುತ್ತಿದ್ದೆವು.

ನನ್ನ ಕೂಸು ಹಟಮಾರಿ. ಬೆಳಗ್ಗೆ ಎದ್ದರೆ ಅಳು, ಹಾಲು ಕುಡಿದರೂ ಅಳು. ಆದರೆ ಕಾಕಾನ ಸೀಟಿ ಕೇಳಿದ್ದೇ ತಡ, ಗಪ್ಪನೆ ಬಾಯಿ ಮುಚ್ಚುತ್ತಿತ್ತು. ನಾನು ಅದನ್ನು ಸೊಂಟಕ್ಕೇರಿಸಿಕೊಂಡು ಹಿತ್ತಲಿಗೆ ಓಡುತ್ತಿದ್ದೆ. ಕಟ್ಟಿಗೆ ಹೇರಿದ ಡಬ್ಬಿಗಳೆಲ್ಲ ಸಾಗಿಹೋದ ಮೇಲೆ ಕೊನೆಯ ಡಬ್ಬಿಯ ಬಾಗಿಲಲ್ಲಿ ಕಪ್ಪು ಕೋಟಿನ ಕಾಕಾ ನಿಂತಿರುತ್ತಿದ್ದರು. ಹಸಿರು ಬಾವುಟವನ್ನು ಇಂಜಿನ್ನಿನ ಕಡೆಗೆ ಒಮ್ಮೆ ಬೀಸಿದರೆ ನಮ್ಮ ಹಿತ್ತಲಿನ ಕಡೆಗೆ ಎರಡು ಸಲ ಬೀಸುತ್ತಿದ್ದರು. ಸರಕಾರದ ಬಾವುಟವನ್ನು ಹೀಗೆ ಪೋಲು ಮಾಡಬಹುದೇ ಎಂದು ನನ್ನ ಯಜಮಾನರು ಚೇಷ್ಟೆ ಮಾಡಿದರೆ, ಈ ಲೈನಿನಲ್ಲಿ ಸಮಯಕ್ಕೆ ಸರಿಯಾಗಿ ಕಾಯುವ ಗಿರಾಕಿ ಇದೊಂದೇ ಎಂದು ಕಾಕಾ ಅನ್ನುತ್ತಿದ್ದರು.

ಮೊದಲ ಹುಟ್ಟುಹಬ್ಬಕ್ಕೆ ರೈಲುಗಾಡಿ ಮಾಡೋಣ ಎಂದವರು ಅವರೇ. ನನಗೂ ಆಸೆ ಹುಟ್ಟಿತು. ಸುಳ್ಳು ಯಾಕೆ ಹೇಳಲಿ, ನನಗೆ ಆಸೆಗಿಂತ ಜಂಬವೇ ಹೆಚ್ಚು. ಧಾರವಾಡದಲ್ಲಿ ನನ್ನ ಅಕ್ಕ ತನ್ನ ಮಗನ ಹುಟ್ಟುಹಬ್ಬಕ್ಕೆ ಕೇಕು ತರಿಸಿ, ಬಣ್ಣದ ಕಾಗದ ಕಟ್ಟಿಸಿ, ಅದನ್ನೇ ಆರು ತಿಂಗಳು ಹೇಳಿಕೊಂಡಿದ್ದಳು. ದಾಂಡೇಲಿಯ ಕಾಡಿನೊಳಗೆ ಬಿದ್ದಿರುವ ತಂಗಿ ಏನು ಮಾಡಬಲ್ಲಳು ಎಂದು ಅವಳಿಗೆ ತೋರಿಸಬೇಕಿತ್ತು.

ಎರಡು ತಿಂಗಳು ಮೊದಲೇ ಕೆಲಸ ಶುರುವಾಯಿತು. ಸೀಮೆಎಣ್ಣೆಯ ಖಾಲಿ ಡಬ್ಬಿಗೆ ಕಪ್ಪು ಬಣ್ಣ ಬಳಿದರೆ ಇಂಜಿನ್ನು. ಸಾಬೂನಿನ ಕಟ್ಟಿಗೆ ಪೆಟ್ಟಿಗೆಗಳು ಬೋಗಿಗಳು. ಗಾಲಿಗೆ ದರ್ಜಿಯ ಹತ್ತಿರ ಕೂಡಿಸಿಟ್ಟ ದಾರದ ರೀಲುಗಳು. ಒಂದು ಬೋಗಿಯಲ್ಲಿ ಚುರಮುರಿ, ಒಂದರಲ್ಲಿ ಶೇಂಗಾ ಉಂಡಿ, ಒಂದರಲ್ಲಿ ಬಾಳೆಹಣ್ಣು. ಕೊನೆಯ ಬೋಗಿ ದೊಡ್ಡದು, ಅದರಲ್ಲಿ ಕೂಸು ಕೂರಬೇಕು. ಬಾಗಿಲು ದಾಂಡೇಲಿ ಸ್ಟೇಷನ್ನು, ಪಡಸಾಲೆ ಅಂಬೇವಾಡಿ, ಅಡುಗೆಮನೆ ಅಳ್ನಾವರ. ಕಾಗದದ ಕಾರ್ಖಾನೆಯಿಂದ ಹೊರಬಿದ್ದ ದಪ್ಪ ರಟ್ಟು ತಂದು ಕಾಕಾ ಒಬ್ಬೊಬ್ಬರಿಗೂ ಒಂದೊಂದು ಟಿಕೀಟು ಕತ್ತರಿಸಿದರು. ಮುತ್ತಿನಂಥ ಅಕ್ಷರ ಅವರದು.

ಒಂದು ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಅವರು ಬೇಲಿಯ ಹತ್ತಿರ ಬಂದು ನಿಂತರು. ಎಡಗೈ ಹೊಟ್ಟೆಯ ಮೇಲಿತ್ತು. ಕೆಲವು ದಿನಗಳಿಂದ ಆ ಕೈ ಅಲ್ಲೇ ಇರುವುದನ್ನು, ಅವರು ನುಚ್ಚು ಮಜ್ಜಿಗೆ ಬಿಟ್ಟು ಬೇರೇನೂ ಉಣ್ಣದಿರುವುದನ್ನು ನಾನು ನೋಡಿದ್ದೆ. ಹುಬ್ಬಳ್ಳಿಯಲ್ಲಿ ತೋರಿಸಿಕೊಂಡು ಬಂದಿದ್ದರಂತೆ.

"ಹೊಟ್ಟ್ಯಾಗ ಗಡ್ಡಿ ಐತಿ, ಕೊಯ್ಯಬೇಕು, ಲಗೂನ ಬಾ ಅಂದಾರವಾ," ಎಂದರು. "ಕೂಸಿನ ಹುಟ್ಟಿದ ದಿನ ಮುಗಿಸಿ ಮರುದಿನ ಹೋಗ್ತೇನಿ. ಮನ್ಯಾಗ ಯಾರಿಗೂ ಹೇಳಬ್ಯಾಡ. ಸುಮ್ನ ಎಲ್ಲಾರೂ ಮಾರಿ ಸಣ್ಣ ಮಾಡ್ಕೋತಾರ."

ನಾನು ಹೂಂ ಎಂದೆ. ಹುಟ್ಟಿದ ತಾರೀಖಿಗೆ ಇನ್ನು ಒಂದೇ ವಾರವಿತ್ತು. ಒಂದು ವಾರದಲ್ಲಿ ಏನಾದೀತು ಎಂದು ನನ್ನ ಲೆಕ್ಕ.

ಆದರೆ ನಮ್ಮ ಅತ್ತೆಯವರು ಅಯ್ಯನವರನ್ನು ಕರೆಸಿ ಪಂಚಾಂಗ ತೆಗೆಸಿದರು. ಆ ವರ್ಷ ಜ್ಯೇಷ್ಠಕ್ಕೆ ಅಧಿಕ ಮಾಸ ಬಂದಿತ್ತು. ತಾರೀಖು ಅಧಿಕದಲ್ಲಿ ಬೀಳುತ್ತಿತ್ತು, ಕೂಸಿನ ತಿಥಿ ನಿಜ ಜ್ಯೇಷ್ಠದಲ್ಲಿ. ನಡುವೆ ಹತ್ತೊಂಬತ್ತು ದಿನ. ಅಧಿಕ ಮಾಸದಲ್ಲಿ ಕೂಸಿಗೆ ಆರತಿ ಎತ್ತುವುದಿಲ್ಲ, ತಿಥಿಯ ದಿನವೇ ಮಾಡೋಣ ಎಂದು ಅತ್ತೆ ಹೇಳಿದರು. ಅವರ ಮಾತಿಗೆ ನಮ್ಮ ಮನೆಯಲ್ಲಿ ಎದುರಾಡಿದವರೇ ಇರಲಿಲ್ಲ. ನಾನಂತೂ ಅವರ ಮುಂದೆ ನಿಂತು ಮಾತಾಡಿದವಳೇ ಅಲ್ಲ, ಬಾಗಿಲ ಮರೆಯಲ್ಲೇ ನನ್ನ ಮಾತೆಲ್ಲ.

ಆಗ ನಾನು ಹೇಳಬೇಕಿತ್ತು. ಬಾಗಿಲ ಮರೆಯಿಂದಲಾದರೂ ಹೇಳಬೇಕಿತ್ತು. ಹೆದರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಹೆದರಿದ್ದು ನಿಜ. ಅದೇ ದಿನ ಧಾರವಾಡದಿಂದ ಅಕ್ಕನ ಕಾಗದ ಬಂದಿದ್ದೂ ನಿಜ. ತಾರೀಖಿನ ದಿನ ಅವಳಿಗೆ ಬರಲಾಗುವುದಿಲ್ಲ, ತಿಂಗಳ ಕೊನೆಗಾದರೆ ಬರುತ್ತೇನೆ ಎಂದು ಬರೆದಿದ್ದಳು. ಅತ್ತೆಯ ಮಾತು ಕೇಳಿ ನನ್ನ ಮನಸ್ಸು ಒಳಗೊಳಗೇ ಕುಣಿಯಿತು. ಇದನ್ನು ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ.

ದಿನ ಮುಂದಕ್ಕೆ ಹೋಯಿತು ಎಂದು ಕಾಕಾನಿಗೆ ಹೇಳಿದೆ. ನೀವು ಹುಬ್ಬಳ್ಳಿಗೆ ಹೋಗಿಬಿಡಿರಿ, ಗಾಡಿಯನ್ನು ನಾವೇ ಹೇಗೋ ಓಡಿಸುತ್ತೇವೆ ಎಂದು ಹೇಳಲಿಲ್ಲ. ಅವರು ಗಾಲಿಗೆ ಎಣ್ಣೆ ಬಿಡುತ್ತ ಕೂತಿದ್ದರು. ಎಣ್ಣೆಯ ಬುಡ್ಡಿ ಕೆಳಗಿಟ್ಟರು. ಆಮೇಲೆ ನಕ್ಕರು.

"ಹತ್ತೊಂಬತ್ತ ದಿನಾ ಹೌದಲ್ಲೋ? ನನ್ನ ಗಾಡಿ ಎಂದಾರ ಟೈಮಿಗೆ ಬಂದದ್ದು ಐತೇನವಾ..."

ಆ ಹತ್ತೊಂಬತ್ತು ದಿನಗಳಲ್ಲಿ ಅವರ ಕೋಟು ಅವರಿಗೆ ದೊಡ್ಡದಾಯಿತು. ರಜೆ ಹಾಕಿ ಮನೆಯಲ್ಲೇ ಇದ್ದರು. ಬೇರೊಬ್ಬ ಗಾರ್ಡ್ ಗಾಡಿ ತೆಗೆದುಕೊಂಡು ಹೋಗುತ್ತಿದ್ದ. ಅವನ ಸೀಟಿಗೆ ಕೂಸು ಅಳು ನಿಲ್ಲಿಸುತ್ತಿರಲಿಲ್ಲ. ಏನಾಗಿದೆ ಇವರಿಗೆ ಎಂದು ಅತ್ತೆ ಎರಡು ಸಲ ಕೇಳಿದರು. ಪಿತ್ತ ಇರಬೇಕು ಎಂದೆ ನಾನು.

ತಿಥಿಯ ದಿನ ಬಂತು. ಅಕ್ಕ ಬಂದಳು, ರೈಲು ನೋಡಿ ಮೂಗಿನ ಮೇಲೆ ಬೆರಳಿಟ್ಟಳು. ನನಗೆ ಹಿಡಿಸಲಾರದಷ್ಟು ಹಿಗ್ಗು. ಓಣಿಯ ಮಕ್ಕಳೆಲ್ಲ ಟಿಕೀಟು ಹಿಡಿದು ಬಾಗಿಲಲ್ಲಿ ಸಾಲಾಗಿ ನಿಂತರು. ಕಾಕಾ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕಪ್ಪು ಕೋಟು, ಟೋಪಿ ಹಾಕಿಕೊಂಡು ಬಂದು ಒಂದೊಂದೇ ಟಿಕೀಟಿಗೆ ತೂತು ಹೊಡೆದರು. ನನ್ನದಕ್ಕೂ ಹೊಡೆದರು. ನಿಮ್ಮ ಟಿಕೀಟು ಎಲ್ಲಿ ಕಾಕಾ ಎಂದು ಅಕ್ಕ ಚೇಷ್ಟೆಗೆ ಕೇಳಿದಳು.

"ಗಾರ್ಡಿಗೆ ಎಲ್ಲೀ ಟಿಕೀಟ್ರಿ," ಎಂದರು.

ಕೂಸನ್ನು ಕೊನೆಯ ಬೋಗಿಯಲ್ಲಿ ಕೂರಿಸಿದೆವು. ಕಾಕಾ ಸೀಟಿ ಬಾಯಿಗಿಟ್ಟರು. ಉಸಿರು ಬರಲಿಲ್ಲ. ಇನ್ನೊಮ್ಮೆ ಊದಿದರು, ಬರೀ ಗಾಳಿ ಸುಯ್ಯೆಂದಿತು. ಮಕ್ಕಳು ಗೊಳ್ಳೆಂದು ನಕ್ಕರು. ಅಕ್ಕ ನಕ್ಕಳು. ನಾನೂ ನಕ್ಕೆ. ಗೊತ್ತಿದ್ದವಳು ನಾನೊಬ್ಬಳೇ, ಆದರೂ ನಕ್ಕೆ. ಅವರು ಸೀಟಿಯನ್ನು ಕಿಸೆಗೆ ಹಾಕಿ ಹಸಿರು ಬಾವುಟ ಬೀಸಿದರು. ಗಾಡಿ ಹೊರಟಿತು. ಕೂಸು ಮಾತ್ರ ಹಿಂದಕ್ಕೆ ತಿರುಗಿ ಅವರ ಬಾಯನ್ನೇ ನೋಡುತ್ತಿತ್ತು, ಸೀಟಿ ಬರುತ್ತದೆಂದು.

ಮರುದಿನ ಬೆಳಗ್ಗೆ ಅವರು ತಮ್ಮ ಅಳ್ನಾವರದ ಗಾಡಿಯಲ್ಲೇ ಹುಬ್ಬಳ್ಳಿಗೆ ಹೊರಟರು. ಹೊಸ ಗಾರ್ಡ್ ತನ್ನ ಡಬ್ಬಿಯಲ್ಲೇ ಜಾಗ ಕೊಟ್ಟಿದ್ದ. ನಾನು ಕೂಸನ್ನು ಎತ್ತಿಕೊಂಡು ಹಿತ್ತಲಲ್ಲಿ ನಿಂತಿದ್ದೆ. ಅವರ ಕೈಯಲ್ಲಿ ಬಾವುಟ ಇರಲಿಲ್ಲ. ಬರಿಗೈಯನ್ನೇ ಎರಡು ಸಲ ಬೀಸಿದರು.

ಹದಿನೈದು ದಿನಗಳ ಮೇಲೆ ಆ ಹೊಸ ಗಾರ್ಡೇ ಬಂದು ಸುದ್ದಿ ಹೇಳಿದ. ಕೊಯ್ದು ನೋಡಿದರಂತೆ, ಬಹಳ ಹಬ್ಬಿತ್ತಂತೆ. ಕಾಕಾನಿಗೆ ಎಚ್ಚರವಾಗಲೇ ಇಲ್ಲವಂತೆ. ಸ್ವಲ್ಪ ಮೊದಲು ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಅಂದರಂತೆ. ಸ್ವಲ್ಪ ಎಂದರೆ ಎಷ್ಟು? ಹತ್ತೊಂಬತ್ತು ದಿನವೋ, ಹತ್ತೊಂಬತ್ತು ತಿಂಗಳೋ... ನಾನು ಕೇಳಲಿಲ್ಲ. ಕೇಳುವ ಧೈರ್ಯ ಎಲ್ಲಿಂದ ಬರಬೇಕು.

ಅಂದು ಅಳು ತಡೆಯಲಾಗದೆ ಅತ್ತೆಯ ಮುಂದೆ ಎಲ್ಲ ಹೇಳಿಬಿಟ್ಟೆ. ಅಕ್ಕನ ಕಾಗದದ ಮಾತೊಂದು ಬಿಟ್ಟು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕೂಸಿನ ತಲೆಗೆ ಎಣ್ಣೆ ಹಚ್ಚುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ನನಗೊಂದು ಮಾತು ಹೇಳಬಾರದಿತ್ತೇನ? ಆರತಿ ಅಷ್ಟ ತಿಥಿಗೆ ಎತ್ತತಿದ್ವಿ. ಮಕ್ಕಳು ಗಾಡಿ ಆಡಾಕ ಯಾವ ಮಾಸ ಅಡ್ಡ ಬರ್ತದ?"

ಅಷ್ಟೇ. ಆಮೇಲೆ ಅವರು ಬದುಕಿದ್ದ ಇಪ್ಪತ್ತು ವರ್ಷದಲ್ಲಿ ಇನ್ನೊಮ್ಮೆ ಆ ಮಾತು ಎತ್ತಲಿಲ್ಲ. ಅವರಿಗೆ ನಾನು ಸುಮ್ಮನೆ ಹೆದರಿದ್ದೆ...

ಸೀಮೆಎಣ್ಣೆ ಡಬ್ಬಿಯ ಇಂಜಿನ್ನು ತುಕ್ಕು ಹಿಡಿಯಿತು. ಪೆಟ್ಟಿಗೆಗಳು ಒಲೆ ಸೇರಿದವು. ಕಾಕಾನದು ಎಂದು ಇಟ್ಟುಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಹುಡುಕಿದೆ. ಊರಿನವರಿಗೆಲ್ಲ ಟಿಕೀಟು ಬರೆದವರು ತಮಗೊಂದು ಬರೆದುಕೊಂಡಿರಲಿಲ್ಲ. ಉಳಿದದ್ದು ನನ್ನದೇ ಟಿಕೀಟು. ನೂರು ವರ್ಷಕ್ಕೆ ಬರೆದುಕೊಟ್ಟಿದ್ದರು, ಎಂಬತ್ತೈದರ ತನಕ ಬಂದಿದ್ದೇನೆ.

ಪಿನ್ನು ಸಿಗಲಿಲ್ಲವೇನವ್ವ ಎನ್ನುತ್ತ ಮಗಳು ಒಳಗೆ ಬಂದಳು. ನನ್ನ ಕೈಯಲ್ಲಿದ್ದುದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಅಕ್ಷರ ಅವಳಿಗೆ ಕಾಣಿಸಲಿಲ್ಲ. ಏನಿದು ಎಂದು ಕೇಳಿದಳು. ಅರವತ್ತು ದಾಟಿದವಳು, ತಲೆ ನೆರೆತಿದೆ, ಕೂದಲಿಗೆ ಬಣ್ಣದ ಕಾಗದದ ಚೂರು ಅಂಟಿತ್ತು. ಹೇಳೋಣ ಎಂದು ಬಾಯಿ ತೆರೆದೆ.

ಹಳೇ ರೈಲ್ವೆ ಟಿಕೀಟು ಎಂದೆ. ಅವಳ ಕೈಯಿಂದ ತೆಗೆದುಕೊಂಡು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.