ದಾಳಿಂಬೆ ಕೆಂಪಿನ ಅಳತೆ

ಕುದಿಯುವ ಬಣ್ಣದ ವಾಸನೆ ನಿಮಗೆ ಹೊಸದಿರಬಹುದು. ನಮ್ಮ ಬನಹಟ್ಟಿಯ ಓಣಿಯಲ್ಲಿ ಅದು ಚಹಾದ ವಾಸನೆಗಿಂತ ಮೊದಲು ಏಳುತ್ತದೆ. ಇವತ್ತು ಮುಂಜಾನೆ ಆ ವಾಸನೆಯಲ್ಲೇ ನಿಂತು ನಮ್ಮ ಬಣ್ಣದಮನೆಯ ಮಾಲಕರು ನನಗೆ ಹೇಳಿದರು: “ಕಸ್ತೂರಿಗೆ ದಾಳಿಂಬಿ ಕೆಂಪಿನ ಪುಡಿ ಅಳತಿ ಹೇಳಬ್ಯಾಡ್ರಿ. ಕಲತು ಬ್ಯಾರೆ ಕಡೆ ಹೋಗ್ತಾಳ. ಹೇಳಿದ್ರ ನೀವೂ ಇಲ್ಲಿ ಇರೂದಿಲ್ಲ ನೋಡ್ರಿ.”

ಕಸ್ತೂರಿ ಎರಡು ವರ್ಷದಿಂದ ನನ್ನ ಪಕ್ಕದಲ್ಲಿ ನಿಂತು ನೂಲಿನ ಲಡಿ ಅದ್ದುವವಳು. ಮಾಲಕರ ಮಾತು ಕೇಳಿ ನನ್ನ ಮೈ ಉರಿಯಿತು.

ಮಲ್ಲಪ್ಪಣ್ಣನ ನೆನಪಾಗದೆ ಇದ್ದೀತೇ? ನನಗೆ ಈ ಕೆಲಸ ಕಲಿಸಿದವನು ಅವನೇ. ಕಲಿಸಿದ ಎಂದರೆ, ಮೊದಲ ಮೂರು ವರ್ಷ ಬರೀ ಬೆನ್ನು ತೋರಿಸಿದ. ಪುಡಿ ಹಾಕುವ ಹೊತ್ತಿಗೆ ಹಂಡೆಗೆ ಅಡ್ಡ ನಿಲ್ಲುತ್ತಿದ್ದ. ಅವನ ಅಂಗಿ ಹಿಂದೆ ಎಲ್ಲೆಲ್ಲಿ ಹರಿದಿದೆ ಎಂಬುದು ಅವನ ಹೆಂಡತಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ನಾನೂ ಏನು ಕಡಿಮೆಯವನಲ್ಲ. ಮೊಣಕೈ ಎಷ್ಟು ಸಲ ಅಲುಗುತ್ತದೆಂದು ಎಣಿಸುತ್ತಿದ್ದೆ. ಎಂಟು ಸಲ. ನಾನು ಎಣಿಸುವುದು ಮುದುಕನಿಗೆ ಗೊತ್ತಿತ್ತು, ಅದಕ್ಕೇ ಎರಡು ಸಲ ಖಾಲಿ ಚಮಚ ಆಡಿಸುತ್ತಿದ್ದ. ಅದು ನನಗೆ ತಿಳಿದದ್ದು ಆಮೇಲೆ.

ಅವನು ಬೀಳಗಿಗೆ ಮದುವೆಗೆ ಹೋದಾಗ ನಾನು ಎಂಟು ಚಮಚ ಹಾಕಿಯೇಬಿಟ್ಟೆ. ಸೆರಗಿನ ನೂಲೆಲ್ಲ ಸುಟ್ಟ ಬೆಲ್ಲದ ಬಣ್ಣವಾಗಿ ಹೊರಬಂತು. ಆಗಿನ ಮಾಲಕರು, ಅಂದರೆ ಈಗಿನವರ ತಂದೆ, ಒಳಗೆ ಕರೆದರು. “ಮಲ್ಲಪ್ಪ ಯಾವ ಪುಡಿ ಎಷ್ಟ ಹಾಕ್ತಾನ, ನೋಡಿದ್ದೆಲ್ಲಾ ಹೇಳಿಬಿಡು. ನಿನ್ನ ತಪ್ಪು ಮರತಬಿಡ್ತೇನಿ.”

ಗುಟ್ಟು ಸಿಕ್ಕರೆ ಮುದುಕನನ್ನು ಮನೆಗೆ ಕಳಿಸುವ ಯೋಚನೆ ಅದು. ಅಷ್ಟೂ ತಿಳಿಯದ ಕೂಸಲ್ಲ ನಾನು. ಮನೆಯಲ್ಲಿ ಎರಡು ಮಕ್ಕಳಿದ್ದವು. ಆದರೂ, “ಕೆಡಿಸಿದಾಂವ ನಾನ್ರಿ. ಅವರದೇನೂ ಹೇಳೂದಿಲ್ಲ” ಎಂದೆ. ಒಂದು ವಾರ ಕೆಲಸದಿಂದ ನಿಲ್ಲಿಸಿದರು.

ಮರಳಿ ಬಂದ ದಿನ ಮಲ್ಲಪ್ಪಣ್ಣ ಹಂಡೆಯಿಂದ ಪಕ್ಕಕ್ಕೆ ಸರಿದು ನಿಂತ. “ಬಾ ಇಲ್ಲೆ. ಎಂಟಲ್ಲಲೇ, ಆರು. ಇಷ್ಟ ದಿನ ನಿನ್ನ ಮ್ಯಾಲ ನಂಬಿಕಿ ಇರಲಿಲ್ಲ, ಹೇಳಲಿಲ್ಲ. ಈಗ ಐತಿ.”

ಹಾಗೆ ಬಂದ ವಿದ್ಯೆ ಇದು. ಯಾರ ತಿಜೋರಿಯಿಂದಲೂ ಬಂದದ್ದಲ್ಲ. ಇದನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಹೇಳಲು ಮಾಲಕರು ಯಾರು? ಹೀಗೆಲ್ಲ ಕುದಿಯುತ್ತಿದ್ದಾಗಲೇ ಒಂದು ನಾಚಿಕೆಯ ವಿಷಯ ಹೊಳೆಯಿತು. ಯಾರೂ ಬೇಡ ಅನ್ನದಿದ್ದಾಗಲೂ, ಎರಡು ವರ್ಷ, ನಾನೇ ಅವಳಿಗೆ ಹೇಳಿರಲಿಲ್ಲ.

ಮಾಲಕರು ಇನ್ನೂ ಅಲ್ಲೇ ಇದ್ದರು. ಅವರ ಮುಂದೆಯೇ ಕೂಗಿದೆ. “ಬಾರವ್ವಾ ಕಸ್ತೂರಿ. ಈ ಹಂಡೆಕ್ಕ ಆರು ಚಮಚ. ಹಿಡಿ ಡಬ್ಬಿ, ನೀನ ಹಾಕು.”

ಮಾಲಕರು ದುರುಗುಟ್ಟಿ ನೋಡಿದರು.

“ಹೊರಗ ಹಾಕೂದಿದ್ರ ಹಾಕ್ರಿ,” ಎಂದೆ. “ಹಂಡೆ ಮುಂದ ಇಬ್ಬರು ನಿಂತೇವಿ. ಇಬ್ಬರಿಗೂ ಗೊತ್ತಿರಬೇಕು.” ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸಂಜೆ ಏನು ಹೇಳುತ್ತಾರೋ ಹೇಳಲಿ.

ಕಸ್ತೂರಿ ಡಬ್ಬಿ ಹಿಡಿದಳೇ ಹೊರತು ಪುಡಿ ಹಾಕಲಿಲ್ಲ. ಹಂಡೆಯ ನೀರನ್ನೇ ನೋಡುತ್ತಿದ್ದಳು.

“ಕಾಕಾ, ಎರಡು ತಿಂಗಳಿಂದ ಕೆಂಪು ಕಂದಾಕತ್ತೈತಿ. ಪುಡಿ ಛಲೋ ಇಲ್ಲಂತ ನೀವು ಅಂಗಡಿಯವನ್ನ ಬೈತೀರಿ. ಪುಡಿದಲ್ರಿ ಅದು. ಹೊಸ ಬೋರಿನ ನೀರು ಹಾಕಿದ ದಿನ ಅಷ್ಟ ಕಂದತೈತಿ. ನಾ ನೋಡೇನಿ. ಇವತ್ತೂ ಹಂಡೆದಾಗ ಅದ ನೀರೈತಿ.”

“ಎರಡು ತಿಂಗಳು ಸುಮ್ಮನಿದ್ದೆಲ್ಲ, ಯಾಕ ಹೇಳಲಿಲ್ಲ?”

“ಹೇಳಿದ್ರ ನಂಬತಿದ್ರೇನ್ರಿ?”

ನಂಬುತ್ತಿರಲಿಲ್ಲ. ನಾನು ಹಂಡೆಯನ್ನು ಬಾಗಿಸಿ ನೀರನ್ನೆಲ್ಲ ಚೆಲ್ಲಿದೆ.

“ಯಾವ ನೀರು ತರಲಿ, ನೀ ಹೇಳು,” ಎಂದು ಕೊಡ ಎತ್ತಿಕೊಂಡೆ.