ಲಾರಿ ಡ್ರೈವರ್ ಮುಟ್ಟಿ ನೋಡಿದ ಕಂಪ್ಯೂಟರ್

ಶಾಹೀನ್ ಎಂದು ಮದುಮಗಳ ಹೆಸರು ಟೈಪ್ ಮಾಡುವಷ್ಟರಲ್ಲಿ ಕಂಪ್ಯೂಟರ್ ಮೂರನೇ ಸಲ ಆರಿಹೋಯಿತು. ಬೈಲಹೊಂಗಲದ ನನ್ನ ಡಿಟಿಪಿ ಅಂಗಡಿಯಲ್ಲಿ ಎದುರಿಗೇ ಕುಳಿತಿದ್ದ ಹುಡುಗಿಯ ಅಪ್ಪ ದಸ್ತಗೀರಸಾಬರ ಮುಖ ಬಾಡಿತು. ಮದುವೆಯ ಕರೆಯೋಲೆ ಬರೆಯುವಾಗ ಹೀಗೆ ಮಗಳ ಹೆಸರಿಗೇ ಬಂದು ಪರದೆ ಆರಬಾರದಲ್ಲ! ಅವರು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆಯುವವರು.

ಹಿಂದಿನ ದಿನವಷ್ಟೇ ನಾನೇ ಕೈಯಾರೆ ಹೊಸ ಪ್ರೊಸೆಸರ್ ಕೂಡಿಸಿ ಬೀಗಿದ್ದೆ. ಅದು ವಿಪರೀತ ಕಾಯುತ್ತಿದೆ ಎಂದು ಪರದೆಯೇ ಹೇಳುತ್ತಿತ್ತು. ಆದರೆ ಫ್ಯಾನ್ ಚೆನ್ನಾಗಿಯೇ ತಿರುಗುತ್ತಿತ್ತು. ಸಿಪಿಯು ಪೆಟ್ಟಿಗೆ ಬಿಚ್ಚಿ ತಲೆ ಕೆರೆದುಕೊಳ್ಳುತ್ತಿದ್ದಾಗ ಸಾಬರು ಎದ್ದು ಬಂದು, ಪ್ರೊಸೆಸರಿನ ಜೊತೆಗೇ ಬಂದ, ಅದರ ಮೇಲೆ ಕೂತು ಬಿಸಿ ಹೀರಬೇಕಾದ ಅಲ್ಯೂಮಿನಿಯಂ ಹೀಟ್‌ಸಿಂಕನ್ನು ಮುಟ್ಟಿ ನೋಡಿದರು.

"ಇದು ತಣ್ಣಗ ಐತಲ್ರಿ ಸರ! ಎಂಜಿನ್ ಕುದಿಯಾಕ ಹತ್ತಿ ರೇಡಿಯೇಟರ್ ತಣ್ಣಗಿತ್ತಂದ್ರ, ನಡುವ ಏನೋ ಅಡ್ಡ ಐತಿ ಅಂತ ತಿಳೀರಿ."

ಹೀಟ್‌ಸಿಂಕ್ ಕಳಚಿದೆ. ತಳಕ್ಕೆ ಅಂಟಿದ್ದ ತೆಳು ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಹೊಸ ಸಾಮಾನು ಹೊಸದಾಗಿಯೇ ಇರಲೆಂದು ಸ್ಕೂಟರಿನ ಸೀಟಿನ ಪ್ಲಾಸ್ಟಿಕ್ ಕೀಳದೆ ಬಿಡುವಂತೆ ಇದನ್ನೂ ನಾನೇ ಬಿಟ್ಟಿದ್ದೆ.

"ಸೀಟಿಗೆ ಇರಲಿ ಬಿಡ್ರಿ, ಎಂಜಿನ್ನಿಗೆ ಯಾಕ್ರೀ ಪ್ಲಾಸ್ಟಿಕ್?" ಎಂದು ಸಾಬರು ಹೊಟ್ಟೆ ಹಿಡಿದು ನಕ್ಕರು. ಹಾಳೆ ಕಿತ್ತು ಮತ್ತೆ ಟೈಪ್ ಮಾಡಿದೆ. ಈ ಸಲ ಶಾಹೀನಳ ಹೆಸರು ಪರದೆಯ ಮೇಲೆ ಗಟ್ಟಿಯಾಗಿ ನಿಂತಿತು.

ಅಂದು ಮನೆಗೆ ಹೋದವನೇ ಫ್ರಿಜ್ಜಿನ ಬಾಗಿಲಿನ ಪ್ಲಾಸ್ಟಿಕ್ಕಿಗೆ ಕೈ ಹಾಕಿದೆ. "ಮುಟ್ಟಬ್ಯಾಡ್ರಿ, ಹೊಸಾದೈತಿ!" ಎಂದು ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಆ ಫ್ರಿಜ್ಜಿಗೆ ಆಗ ಆರು ವರ್ಷ.