ಹಾರೂಗೇರಿಯ ಗಾಣದಲ್ಲೊಂದು ಜರ್ಮನ್ ಪಾಠ

ನಿಪ್ಪಾಣಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಚಿಕ್ಕೋಡಿ, ಹಾರೂಗೇರಿ, ಅಥಣಿ, ಕಾಗವಾಡ ಎಂದು ನಾಲ್ಕು ದಿನದ ತಿರುಗಾಟ. ಜರ್ಮನಿಗೆ ಹೋಗಬಯಸುವ ನರ್ಸುಗಳಿಗೆ ನಾನು ಆ ಭಾಷೆ ಕಲಿಸುತ್ತೇನೆ. ಉಳಿದ ದಿನ ಮೊಬೈಲಿನಲ್ಲಿ ಪಾಠ, ತಿಂಗಳಿಗೊಮ್ಮೆ ಹೀಗೆ ಊರೂರಿಗೆ ಹೋಗಿ ಎದುರುಬದುರು. ಈ ಸಲ ಪುಸ್ತಕ ಬಿಟ್ಟು ಸಂತೆಯಲ್ಲಿ, ಗಾಣದಲ್ಲಿ ನಿಲ್ಲಿಸಿ ಕಲಿಸುವ ವಿಚಾರವಿತ್ತು. ಆಟಕ್ಕೆ ಗೆರೆ ಹಾಕಲು ಚೀಲದಲ್ಲಿ ಒಂದು ಹಗ್ಗವಿತ್ತು. ಕಂಡಕ್ಟರ್ ಹೆಂಗಸರ ಉಚಿತ ಟಿಕೆಟ್ ಹರಿದುಕೊಡುತ್ತ ಅದನ್ನು ನೋಡಿ, "ಎಮ್ಮಿ ಖರೀದಿಗೆ ಹೊಂಟೀರೇನ್ರಿ ಅಕ್ಕಾರ? ಎಮ್ಮಿಗೆ ಮಾತ್ರ ಟಿಕೀಟ್ ತಗೀಬೇಕ ನೋಡ್ರಿ" ಎಂದ.

ನನ್ನ ಆಟದ ನಿಯಮ ಒಂದೇ. ಶುರುವಾದ ಮೇಲೆ ಕನ್ನಡ, ಮರಾಠಿ ಎರಡೂ ಬಂದ್. ಒಬ್ಬಳು ಬಾಯಿ ತಪ್ಪಿದರೂ ಇಡೀ ಗುಂಪು ಮೊದಲಿನಿಂದ ಆಡಬೇಕು. ಹುಡುಗಿಯರು ಒಬ್ಬರನ್ನೊಬ್ಬರು ಕಾಯುತ್ತಾರೆ, ನನಗೆ ಗದರಿಸುವ ಕೆಲಸ ತಪ್ಪುತ್ತದೆ ಎಂದು ಹೂಡಿದ ಉಪಾಯ. ಚಿಕ್ಕೋಡಿಯ ಕಾಯಿಪಲ್ಲೆ ಸಂತೆಯಲ್ಲಿ ಅದು ಚೆನ್ನಾಗಿಯೇ ನಡೆಯಿತು. ಬದನೆಕಾಯಿ ಮಾರುವ ಅಜ್ಜಿಯೂ ಸಂಜೆಯ ಹೊತ್ತಿಗೆ ಜರ್ಮನ್‌ನಲ್ಲಿ ಮೂರರವರೆಗೆ ಎಣಿಸತೊಡಗಿದಳು. ಅವತ್ತು ನನಗೆ ನನ್ನ ಮೇಲೆಯೇ ಹೆಮ್ಮೆ.

ಮರುದಿನ ರಾಯಬಾಗದಲ್ಲಿ ಬಸ್ಸು ಬದಲಿಸಿ ಹಾರೂಗೇರಿಗೆ ಬಂದಾಗ ಹತ್ತೂವರೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿದ್ದೆವು. ಊರ ಹೊರಗಿನ ಬೆಲ್ಲದ ಗಾಣ ನನ್ನ ವಿದ್ಯಾರ್ಥಿನಿ ಪದ್ಮಶ್ರೀಯ ಸೋದರಮಾವನದು. ಅವಳು ಕಾಗವಾಡದ ಜೈನ ರೈತರ ಮನೆಯವಳು. ಏಳು ಜನ ಹುಡುಗಿಯರು ಬಂದಿದ್ದರು. ಅವರಲ್ಲಿ ಸುಜಾತಾ ಊರಿನ ಖಾಸಗಿ ದವಾಖಾನೆಯಲ್ಲಿ ನರ್ಸು. ಅಪ್ಪ ಅಮ್ಮ ಕಬ್ಬು ಕಡಿಯುವವರು, ಮನೆಯಲ್ಲಿ ಸಂಬಳ ತರುವವಳು ಅವಳೊಬ್ಬಳೇ.

ಅವತ್ತಿನ ಆಟದಲ್ಲಿ ಪದ್ಮಶ್ರೀ ದೊಡ್ಡ ನರ್ಸಾಗಿ ನಮ್ಮತ್ತ ಮುಖಮಾಡಿ ಜರ್ಮನ್‌ನಲ್ಲಿ ಅಪ್ಪಣೆ ಕೊಡುವುದು, ಉಳಿದವರು ಹಾಗೆಯೇ ಮಾಡುವುದು: ಬನ್ನಿ, ಎತ್ತಿ, ಇಡಿ. ಸುಜಾತಾ ಎರಡು ಸಲ ಬಾಯಿ ತಪ್ಪಿದಳು. ಎರಡು ಸಲವೂ ಮೊದಲಿನಿಂದ ಆಟ.

"ನಿನ್ನ ಸಲುವಾಗಿ ಇಲ್ಲೇ ಮುದುಕ್ಯಾರ ಆಗ್ತೀವಿ ನೋಡ್ ಬೇ," ಎಂದಳು ಒಬ್ಬಳು.

"ಇನ್ನ ತುಟಿ ಹೊಲಕೊಂಡ ಬಿಡ್ತೀನಿ," ಎಂದು ಸುಜಾತಾ ನಕ್ಕಳು.

ಮೂರನೆಯ ಸಲ. ಗುಂಪು ಮುಂದೆ ಬಂದಷ್ಟೂ ಪದ್ಮಶ್ರೀ ಹಿಂದಕ್ಕೆ ಸರಿಯುತ್ತಿದ್ದಳು. ಬೆನ್ನ ಹಿಂದೆ ನೆಲಮಟ್ಟದ ದೊಡ್ಡ ಕೊಪ್ಪರಿಗೆ, ಅದರಲ್ಲಿ ಕುದಿಯುವ ಕಬ್ಬಿನ ಹಾಲು. ನಾನು ಹಗ್ಗ ನೇರ ಮಾಡಲು ಬಗ್ಗಿದ್ದೆ. ತಲೆಯೆತ್ತಿದಾಗ ಕಂಡದ್ದು ಸುಜಾತಾಳ ಮುಖ. ಬಾಯಿ ತೆರೆದಿತ್ತು, ಕೈ ಮುಂದೆ ಚಾಚಿತ್ತು, ದನಿ ಇರಲಿಲ್ಲ. ಅವಳು ಜರ್ಮನ್ ಪದ ಹುಡುಕುತ್ತಿದ್ದಳು. ಆ ಬಾಯಿ ಇವತ್ತಿಗೂ ನನ್ನ ಕಣ್ಣೆದುರು ತೆರೆದೇ ಇದೆ.

ಬೆಲ್ಲ ಕಾಸುವ ಅಪ್ಪಾಸಾಬ ಕಾಕಾ ಕೊಪ್ಪರಿಗೆ ಕಲಕುವ ತನ್ನ ಉದ್ದನೆಯ ಹುಟ್ಟಿನಿಂದ ಪದ್ಮಶ್ರೀಯ ಬೆನ್ನಿಗೆ ತಿವಿದು ಪಕ್ಕಕ್ಕೆ ಕೆಡವಿದ. ಕೊಪ್ಪರಿಗೆ ತಪ್ಪಿತು. ಎಡಗಾಲು ಮಾತ್ರ ಬಿಸಿ ನೊರೆ ತೆಗೆದಿಟ್ಟ ಬುಟ್ಟಿಗೆ ಬಿತ್ತು. ಯಾರೋ ಸುಟ್ಟ ಕಾಲಿಗೆ ಹಚ್ಚಲು ಹಲ್ಲುಜ್ಜುವ ಪೇಸ್ಟ್ ತಂದರು. ಸುಜಾತಾ ಅದನ್ನು ಕಿತ್ತು ಎಸೆದು, ಪೈಪಿನ ನೀರನ್ನು ಇಪ್ಪತ್ತು ನಿಮಿಷ ಕಾಲಿನ ಮೇಲೆ ಬಿಡುತ್ತ ಕೂತಳು.

ಪದ್ಮಶ್ರೀಯ ಮಾವ ಬಂದವನೇ ನಡೆದದ್ದು ತಿಳಿದು ಸುಜಾತಾಳನ್ನು ಕೇಳಿದ: "ನೋಡಾಕತ್ತಿದ್ದಿ, ಒದರಾಕ ಏನಾಗಿತ್ತ? ಪೇಶಂಟ್ ಸಾಯಾಕತ್ರೂ ಹಿಂಗ ನಿಲ್ತೀಯೇನ? ಸೋಮವಾರ ನಿಮ್ಮ ಡಾಕ್ಟರಿಗೆ ಹೇಳ್ತೇನಿ, ಇಂಥಾಕಿ ಬ್ಯಾಡ ಅಂತ."

ಸುಜಾತಾ ನನ್ನತ್ತ ನೋಡಿದಳು. ನಾನು ಹಗ್ಗ ಸುತ್ತಿ ಚೀಲಕ್ಕೆ ಹಾಕುತ್ತಿದ್ದೆ.

ಅಥಣಿಯಲ್ಲಿ ಮರುದಿನ ಬಿಸಿಲು ವಿಪರೀತ. ಆಟವಿಲ್ಲದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಲಗೆಯ ಮೇಲೆ ಬರೆದು ಎರಡು ತಾಸು ಪಾಠ ಮಾಡಿದೆ. ಕೊಕಟನೂರಿನಿಂದ ಬಂದ ಹುಡುಗಿ, "ಮೇಡಂ, ಆರಾಮ ಇಲ್ಲೇನ್ರಿ?" ಎಂದಳು. ನಿದ್ದೆಯಾಗಿಲ್ಲ ಎಂದೆ. ಅದು ನಿಜವೇ ಆಗಿತ್ತು.

ಭಾನುವಾರ ಕಾಗವಾಡದ ಬಸ್ಸಿನಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ನಾನು ಕಿಟಕಿಗೆ ತಲೆ ಆನಿಸಿದ್ದೆ. ಮನೆ ತಲುಪಿದಾಗ ಪದ್ಮಶ್ರೀ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು, ಪಾದಕ್ಕೆ ಪಟ್ಟಿ. ಅವಳ ತಾಯಿ ಚಹಾ ಕೊಟ್ಟು, ಎದುರಿಗೇ ಕುಳಿತರು.

"ನಮ್ಮ ಹುಡುಗಿ ಆಟದಾಗಿದ್ವಿ ಅಂತಾಳ. ಆಟ ಅಂದ್ರೇನ್ರಿ, ಒಬ್ಬಾಕಿ ಬೆಂದಹೋಗೂತನಕಾ ಇನ್ನೊಬ್ಬಾಕಿ ಸುಮ್ಮ ನಿಲ್ಲೂದಾ?"

"ಹೌದ್ರಿ ಅಕ್ಕಾರ," ಎಂದೆ. "ಹಂಗ ನಿಲ್ಲಾಕ ಹಚ್ಚಿದಾಕಿ ನಾನ. ಕನ್ನಡ ಬಂದ್ರ ಎಲ್ಲಾರ್ನೂ ಮೊದಲಿಂದ ಆಡಸ್ತಿದ್ದೆ. ಸುಜಾತಾ ಎರಡ ಸಲ ಸೋತಿದ್ಳು. ನಿಯಮ ನಂದು."

ಅವರು ಮಗಳ ಕಾಲು ನೋಡಿ ನನ್ನತ್ತ ತಿರುಗಿದರು. "ಇದನ್ನ ಅಲ್ಲೇ, ನಮ್ಮ ತಮ್ಮಗ ಯಾಕ ಹೇಳ್ಲಿಲ್ರಿ?"

ಅಂಜಿದೆ ಎಂದೆ.

ಅವರು ಫೋನು ತೆಗೆದುಕೊಂಡು ಹಾರೂಗೇರಿಗೆ ಹಚ್ಚಿದರು. "ತಮ್ಮಾ, ನಾಳೆ ದವಾಖಾನಿ ಕಡೆ ಹಾಯಬ್ಯಾಡ. ಆ ಹುಡುಗೀದು ತಪ್ಪಿಲ್ಲ. ಹೆಂಗ ಅಂತ ಇಲ್ಲೇ ಮೇಡಂ ಹೇಳ್ತಾರ, ಕೇಳ." ಮಾವನಿಗೆ ಅದೇ ಮಾತು ಮತ್ತೊಮ್ಮೆ ಹೇಳಿದೆ. ಆತ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಆತ ಬೈದು ಮುಗಿಸಿದ ಮೇಲೆ ಪದ್ಮಶ್ರೀ ತಾನೇ ಸುಜಾತಾಳ ನಂಬರು ಒತ್ತಿ ಫೋನನ್ನು ನನ್ನ ಕೈಗಿಟ್ಟಳು.

ಮೂರನೆಯ ಸಲ ಹೇಳುವುದು ಮೊದಲೆರಡಕ್ಕಿಂತ ಕಷ್ಟವಾಯಿತು.

"ಆಕಿ ಕಾಲಿನ ಗುಳ್ಳಿ ಒಡದಾವೇನ್ರಿ?" ಎಂದಳು ಸುಜಾತಾ.

"ಇಲ್ಲ."

"ಒಡಿಸಬ್ಯಾಡಂತ ಹೇಳ್ರಿ. ನಾಳೆ ಡ್ಯೂಟಿ ಮುಗಿಸಿ ಬಂದು ಪಟ್ಟಿ ನಾನ ಬದಲಸ್ತೇನಿ."

ಕ್ಲಾಸಿಗೆ ಬರುತ್ತೀಯಾ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೂರೂಮುಕ್ಕಾಲರ ಚಿಕ್ಕೋಡಿ ಬಸ್ಸು ಸಿಕ್ಕಿತು. ಕಾಗವಾಡ ದಾಟುವಾಗ ಹಿಂತಿರುಗಿ ನೋಡಿದೆ. ಧೂಳಿನಲ್ಲಿ ಊರಿನ ನೀರಿನ ಟಾಕಿಯೊಂದೇ ಕಾಣುತ್ತಿತ್ತು.